ವಿಂಡ್ ಟನಲ್ ಇಲ್ವಾ? ಉಣ್ಣೆ ದಾರ ಸಾಕು

ಹುಬ್ಬಳ್ಳಿ ಕಾಲೇಜುಗಳಲ್ಲಿ ಫಾರ್ಮುಲಾ ರೇಸ್ ಕಾರು ಕಟ್ಟುವವರು, ಕಾರಿನ ಸುತ್ತ ಗಾಳಿ ಹೇಗೆ ಹರಿಯುತ್ತೆ ಅಂತ ಪರೀಕ್ಷಿಸೋ ವಿಂಡ್ ಟನಲ್ (ಗಾಳಿ ಸುರಂಗ) ಇಲ್ಲ ಅಂತ ಸುಮ್ನೆ ಕೂರಬೇಡಿ. ದುರ್ಗದಬೈಲು ಮಾರುಕಟ್ಟೆಯಿಂದ ಉಣ್ಣೆ ದಾರ ತನ್ನಿ. ಬೆರಳುದ್ದ ಕತ್ತರಿಸಿ, ಕಾರಿನ ಮೂತಿಯಲ್ಲಿರೋ ರೆಕ್ಕೆ, ಅಂದ್ರೆ ಮುಂದಿನ ವಿಂಗ್‌ನ ಕೆಳಮೈಗೆ ಸಾಲಾಗಿ ಟೇಪ್ ಹಚ್ಚಿ ಅಂಟಿಸಿ. ಮುಂದಿನ ತುದಿಯಷ್ಟೇ ಅಂಟಲಿ, ಉಳಿದದ್ದು ಸಡಿಲವಿರಲಿ. ಕೆಳಮೈಗೇ ಯಾಕೆ ಅಂದ್ರೆ ಗಾಳಿ ಅಲ್ಲಿ ಜೋರಾಗಿ ಹರಿದು ಒತ್ತಡ ಇಳಿಯುತ್ತೆ, ಕಾರನ್ನು ನೆಲಕ್ಕೆ ಎಳೆಯುವ ಬಲ ಹೆಚ್ಚಾಗಿ ಹುಟ್ಟೋದೇ ಅಲ್ಲಿ. ವೇಗ ಎರಡು ಪಟ್ಟಾದ್ರೆ ಆ ಬಲ 4 ಪಟ್ಟಾಗುತ್ತೆ, ಅದಕ್ಕೇ ಮೊದಲು ವಿಂಗ್‌ನ ಬೋಲ್ಟ್ ಬಿಗಿ ಇದೆಯಾ ನೋಡಿ.

ಆಮೇಲೆ ಕೆಳಗೆ ಸಣ್ಣ ಕ್ಯಾಮೆರಾ ಕಟ್ಟಿ, ಖಾಲಿ ಟ್ರ್ಯಾಕಿನಲ್ಲಿ ಒಂದೇ ವೇಗದಲ್ಲಿ ಓಡಿಸಿ. ದಾರ ನೆಟ್ಟಗೆ ಹಿಂದಕ್ಕೆ ಮಲಗಿದ್ರೆ ಸರಿ. ವಿಂಗ್ ಹಿಂಬದಿಯ ಓರೆ ಪಟ್ಟಿ, ಅಂದ್ರೆ ಫ್ಲ್ಯಾಪ್ ಹತ್ರ ಒದ್ದಾಡಿದ್ರೆ, ಅಥವಾ ತಿರುಗಿ ಮುಂದಕ್ಕೆ ಬಂದ್ರೆ, ಗಾಳಿ ಅಲ್ಲಿ ವಿಂಗ್ ಮೈಗೆ ಅಂಟಿ ಹರಿಯದೆ ಬಿಟ್ಟು ಸರಿದಿದೆ. ಫ್ಲ್ಯಾಪ್ ಕೋನ ಒಂದೆರಡು ಡಿಗ್ರಿ ಇಳಿಸಿ ಮತ್ತೆ ಓಡಿಸಿ.