ಓಟಿಪಿ ಯಾರ ಫೋನಿಗೆ ಬರುತ್ತೆ? ಅಂಗಡಿಗೆ ಹೊಸ ಸಾಫ್ಟ್‌ವೇರ್ ಹಾಕಿಸುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸಗಳು

ಅಂಗಡಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ನಿಮ್ಮ ಜಿಎಸ್‌ಟಿ ಓಟಿಪಿ ಯಾರ ಮೊಬೈಲಿಗೆ ಬರುತ್ತೆ? "ಅದೆಲ್ಲ ನಮ್ಮ ಟ್ಯಾಕ್ಸ್ ಕನ್ಸಲ್ಟೆಂಟ್ ನೋಡ್ಕೋತಾರೆ ಮೇಡಂ" ಅಂದರೆ, ಸಾಫ್ಟ್‌ವೇರ್ ಮಾತು ಆಮೇಲೆ ಆಡೋಣ ಅನ್ನುತ್ತೇನೆ.

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಕಡೆಯ ಅಂಗಡಿಗಳಿಗೆ, ಹರಿಹರದ ಒಂದಷ್ಟು ವರ್ಕ್‌ಶಾಪ್‌ಗಳಿಗೆ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡುವುದು, ಹುಡುಗರಿಗೆ ಬಿಲ್ ಮಾಡುವುದು ಕಲಿಸುವುದು, ಕೈಕೊಟ್ಟಾಗ ಹೋಗಿ ನೋಡುವುದು ನನ್ನ ಕೆಲಸ. ಈಗ ಎಲ್ಲರ ಬಾಯಲ್ಲೂ ಎಐ, ಕ್ಲೌಡ್. ಆದರೆ ನಾನು ನೋಡಿದ ಮಟ್ಟಿಗೆ, ಹೊಸ ತಂತ್ರಜ್ಞಾನ ಇಲ್ಲ ಅಂತ ವ್ಯಾಪಾರ ನಿಂತಿದ್ದು ಕಮ್ಮಿ. ಇರೋದರ ಕೀಲಿಕೈ ಬೇರೆಯವರ ಜೇಬಿನಲ್ಲಿತ್ತು ಅಂತ ನಿಂತಿದ್ದೇ ಜಾಸ್ತಿ.

ಒಂದು ಹಾಳೆ, ಒಂದು ಸಿಮ್

ಒಂದು ಬಿಳಿ ಹಾಳೆ ತಗೊಳ್ಳಿ. ಜಿಎಸ್‌ಟಿ, ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಪತ್ರ), ಬ್ಯಾಂಕ್, ಕೌಂಟರಿನ ಕ್ಯೂಆರ್, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ), ಅಂಗಡಿಯ ವಾಟ್ಸಾಪ್, ಗೂಗಲ್ ಮ್ಯಾಪ್, ಟ್ಯಾಲಿ ಲೈಸೆನ್ಸ್ ಅಂತ ಒಂದರ ಕೆಳಗೆ ಒಂದು ಬರೆಯಿರಿ. ಪ್ರತಿಯೊಂದರ ಮುಂದೆ ಯಾವ ಮೊಬೈಲ್ ನಂಬರ್, ಯಾವ ಇಮೇಲ್ ಅಂತ ತುಂಬಿಸಿ. ಪಾಸ್‌ವರ್ಡ್ ಮಾತ್ರ ಆ ಹಾಳೆಯಲ್ಲಿ ಬೇಡ. ಬರೆಯುತ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತೆ: ಮ್ಯಾಪ್ ಕೆಲಸ ಬಿಟ್ಟುಹೋದ ಹುಡುಗನ ಜಿಮೇಲ್‌ನಲ್ಲಿದೆ, ಉದ್ಯಮ್ ಸೈಬರ್ ಸೆಂಟರಿನವರ ನಂಬರಿನಲ್ಲಿದೆ, ಕ್ಯೂಆರ್ ಭಾವಮೈದನ ಖಾತೆಗೆ ಹೋಗ್ತಿದೆ.

ಅಂಗಡಿಗೆ ಅಂತಲೇ ಒಂದು ಸಿಮ್ ತಗೊಳ್ಳಿ, ಯಜಮಾನರ ಹೆಸರಿನಲ್ಲೇ. ಒಂದು ಇಮೇಲ್ ಮಾಡಿಕೊಳ್ಳಿ. ಹಾಳೆಯಲ್ಲಿರುವ ಎಲ್ಲವನ್ನೂ ನಿಧಾನಕ್ಕೆ ಇವೆರಡಕ್ಕೆ ತನ್ನಿ. ರೀಚಾರ್ಜ್ ಮರೆಯಬೇಡಿ. ಬಹಳ ದಿನ ಸುಮ್ಮನಿದ್ದ ನಂಬರನ್ನು ಮೊಬೈಲ್ ಕಂಪನಿಯವರು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ನಿಮ್ಮ ಓಟಿಪಿ ಯಾರೋ ಗುರುತಿಲ್ಲದವರಿಗೆ ಹೋಗುತ್ತೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಬದಲಾಯಿಸುವುದು ಜನ ಅಂದುಕೊಂಡಷ್ಟು ಕಷ್ಟ ಅಲ್ಲ. ಲಾಗಿನ್ ಆಗಿ ನೋಂದಣಿ ತಿದ್ದುಪಡಿಯಲ್ಲಿ 'ನಾನ್-ಕೋರ್' ಅನ್ನೋದನ್ನು ತೆರೆದು, ಸಹಿ ಮಾಡುವ ಅಧಿಕಾರ ಇರುವವರ ವಿವರದಲ್ಲಿ ಮೊಬೈಲ್, ಇಮೇಲ್ ಬದಲಾಯಿಸಬಹುದು. ಲಾಗಿನ್ನೇ ಗೊತ್ತಿಲ್ಲ, ಹಳೆ ಕನ್ಸಲ್ಟೆಂಟ್ ಫೋನ್ ಎತ್ತಲ್ಲ ಅಂದ್ರೆ? ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿ ಹತ್ತಿರ ಪ್ಯಾನ್, ಗುರುತಿನ ಚೀಟಿ, ಅಂಗಡಿಯ ಕಾಗದ ತಗೊಂಡು ಹೋಗಿ. ಅವರು ಹೊಸ ಮೊಬೈಲ್, ಇಮೇಲ್ ಹಾಕಿಕೊಡಬಹುದು.

ಇದಕ್ಕೆ ಇಷ್ಟೊಂದು ಯಾಕೆ ಹೇಳ್ತಿದ್ದೀನಿ ಅಂದ್ರೆ, 2025ರ ಏಪ್ರಿಲ್ 1ರಿಂದ ಇ-ವೇ ಬಿಲ್‌ಗೆ ಎಲ್ಲರೂ ಪಾಸ್‌ವರ್ಡ್ ಜೊತೆ ಓಟಿಪಿ ಕೂಡ ಹಾಕಲೇಬೇಕು. 50,000 ರೂಪಾಯಿ ದಾಟಿದ ತೆರಿಗೆ ಮಾಲು ಲಾರಿ ಹತ್ತಬೇಕಾದರೆ ಈ ಬಿಲ್ ಬೇಕು. ನನಗೆ ಗೊತ್ತಿರುವ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ರಾತ್ರಿ ಎಂಟಕ್ಕೆ ಚಿತ್ರದುರ್ಗಕ್ಕೆ ಪೈಪ್ ಲೋಡ್ ಆಗಿ ನಿಂತಿತ್ತು. ಓಟಿಪಿ ಹೋಗಿದ್ದು ಕನ್ಸಲ್ಟೆಂಟ್ ಫೋನಿಗೆ. ಅವರು ಹೊನ್ನಾಳಿ ಕಡೆ ಮದುವೆ ಮನೆಯಲ್ಲಿ. ಡ್ರೈವರ್ "ಕಾಗದ ಇಲ್ದೆ ಗಾಡಿ ಎತ್ತಲ್ಲ ಸಾವ್ಕಾರ್ರೇ" ಅಂತ ಕ್ಲೀನರ್ ಜೊತೆ ಚಹಾದಂಗಡಿಗೆ ಹೋದ. ಕನ್ಸಲ್ಟೆಂಟರದ್ದು ಏನೂ ತಪ್ಪಿಲ್ಲ, ಅವರೂ ಊಟಕ್ಕೆ ಕೂತಿರ್ತಾರೆ ಅಲ್ವಾ?

ಇದಕ್ಕೆ ಪರಿಹಾರ ಪೋರ್ಟಲ್‌ನಲ್ಲೇ ಇದೆ. ಮುಖ್ಯ ಲಾಗಿನ್ ಯಜಮಾನರ ಹತ್ತಿರ ಇರಲಿ. ಯೂಸರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಬಿಲ್ ಮಾಡುವ ಹುಡುಗನಿಗೆ, ಕನ್ಸಲ್ಟೆಂಟ್‌ಗೆ ಬೇರೆ ಬೇರೆ ಸಬ್-ಯೂಸರ್ ಮಾಡಿ. ಅವರವರ ಓಟಿಪಿ ಅವರವರ ಫೋನಿಗೇ ಹೋಗುತ್ತೆ. ಹುಡುಗ ಕೆಲಸ ಬಿಟ್ಟ ದಿನ ಅವನದೊಂದನ್ನು ನಿಲ್ಲಿಸಿದರೆ ಆಯಿತು, ಬೇರೆ ಯಾರ ಪಾಸ್‌ವರ್ಡೂ ಬದಲಾಯಿಸಬೇಕಾಗಿಲ್ಲ.

ಯುಪಿಐ ದುಡ್ಡಿಗೆ ಬೇರೆ ಖಾತೆ

2025ರ ಜುಲೈನಲ್ಲಿ ಏನಾಯಿತು ನೆನಪಿದೆ ತಾನೇ? ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಯುಪಿಐನಲ್ಲಿ ಬಂದ ಹಣ ನೋಡಿ ಬೇಕರಿ, ಕಾಂಡಿಮೆಂಟ್ಸ್, ಚಹಾದಂಗಡಿಗಳವರಿಗೆಲ್ಲ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಕ್ಯೂಆರ್ ಕಿತ್ತುಹಾಕಿ "ಕ್ಯಾಶ್ ಮಾತ್ರ" ಬೋರ್ಡ್ ಹಾಕಿದರು. ಆಮೇಲೆ ಮುಖ್ಯಮಂತ್ರಿಯವರು, ನೋಂದಣಿ ಮಾಡಿಸಿಕೊಳ್ಳಿ, ಹಳೆ ಬಾಕಿ ಕೇಳಲ್ಲ ಅಂದರು.

ಕ್ಯೂಆರ್ ಕಿತ್ತರೆ ಪ್ರಯೋಜನ ಇಲ್ಲ. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವ ಗೆರೆಗೆ ನಗದೂ ಸೇರುತ್ತೆ. ಬರೀ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲು ಮಾರುವವರಿಗೆ ನೋಂದಣಿಯೇ ಬೇಡ. ಆದರೆ ತರಕಾರಿ ಜೊತೆಗೆ ಸೋಪು, ಬಿಸ್ಕತ್ತೂ ಇಟ್ಟಿದ್ದೀರಾ? ಆಗ ಎರಡನ್ನೂ ಕೂಡಿಸಿ ನೋಡಬೇಕು. ಗೆರೆ ದಾಟಿದ ಸಣ್ಣ ಅಂಗಡಿಗೆ ಕಾಂಪೊಸಿಷನ್ ಅನ್ನುವ ಸರಳ ತೆರಿಗೆ ಪದ್ಧತಿ ಇದೆ: ವರ್ಷದ ವಹಿವಾಟು ಒಂದೂವರೆ ಕೋಟಿವರೆಗೆ, ವ್ಯಾಪಾರಿಗೆ ಅದರ ಶೇ 1. ಗಿರಾಕಿ ಹತ್ತಿರ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ. ನೆರೆಹೊರೆಗೆ ಮಾರುವ ದಿನಸಿ ಅಂಗಡಿಗೆ ನನ್ನ ಪ್ರಕಾರ ಇದೇ ಸರಿ.

ಆ ನೋಟಿಸ್ ಸಮಯದಲ್ಲಿ ಜಾಸ್ತಿ ಒದ್ದಾಡಿದ್ದು ಒಂದೇ ಖಾತೆಯಲ್ಲಿ ಎಲ್ಲ ಇಟ್ಟುಕೊಂಡವರು. ಚೀಟಿ ದುಡ್ಡು, ತಮ್ಮ ವಾಪಸ್ ಕೊಟ್ಟ ಕೈಸಾಲ, ಮಗಳ ಫೀಸಿಗೆ ಮಾವ ಹಾಕಿದ್ದು, ಎಲ್ಲವೂ ಅಂಗಡಿಯ ಕ್ಯೂಆರ್‌ಗೇ ಬಂದಿತ್ತು. ನಾಲ್ಕು ವರ್ಷದ ಸ್ಟೇಟ್‌ಮೆಂಟ್ ಹಿಡಿದು ಒಂದೊಂದು ಸಾಲಿಗೂ ಇದು ವ್ಯಾಪಾರ, ಇದಲ್ಲ ಅಂತ ಪೆನ್ಸಿಲ್ ಗುರುತು ಹಾಕುವುದು ಯಾರಿಗೆ ಬೇಕು?

ಹಾಗಾಗಿ ಕ್ಯೂಆರ್‌ಗೆ ಒಂದು ಕರೆಂಟ್ ಅಕೌಂಟ್, ಅದರಲ್ಲಿ ಗಿರಾಕಿಗಳ ಹಣ ಮಾತ್ರ. ದಿನಾ ಅಂಗಡಿ ಮುಚ್ಚುವಾಗ ಅದರಲ್ಲಿರುವುದನ್ನು ಮುಖ್ಯ ಖಾತೆಗೆ ಹಾಕಿಕೊಳ್ಳಿ. ಇದರಿಂದ ಇನ್ನೊಂದು ಉಪಯೋಗ ಇದೆ. ಎಲ್ಲೋ ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿದವನು ನಿಮ್ಮಲ್ಲಿ ಮಿಕ್ಸಿ ತಗೊಂಡು ಯುಪಿಐ ಮಾಡಿದ ಅಂತಿಟ್ಟುಕೊಳ್ಳಿ. ಅಲ್ಲಿನ ಪೊಲೀಸರು ಹೇಳಿದರು ಅಂತ ಬ್ಯಾಂಕಿನವರು ಆ ಹಣವನ್ನೋ, ಕೆಲವು ಸಲ ಇಡೀ ಖಾತೆಯನ್ನೋ ತಡೆಹಿಡಿಯುತ್ತಾರೆ. ಸಂಬಳ, ಚೆಕ್ಕು ಎಲ್ಲ ಅದೇ ಖಾತೆಯಲ್ಲಿದ್ದರೆ ಕೈಕಾಲು ಕಟ್ಟಿದ ಹಾಗೆ. ಹಾಗಾದರೆ ಬ್ಯಾಂಕಿನಲ್ಲಿ ಜಗಳ ಆಡಬೇಡಿ. ದೂರಿನ ನಂಬರ್, ಯಾವ ಠಾಣೆ ಅಂತ ಬರವಣಿಗೆಯಲ್ಲಿ ಕೇಳಿ, ಆ ದಿನದ ಬಿಲ್ ಜೊತೆ ಅಲ್ಲಿಗೆ ಬರೆಯಿರಿ. ಬಿಲ್ ಇಲ್ಲದ ವ್ಯಾಪಾರಕ್ಕೆ ಇಲ್ಲಿ ಉತ್ತರ ಇಲ್ಲ.

ಕೌಂಟರಿನಲ್ಲಿ ಗಿರಾಕಿ ತೋರಿಸುವ ಸ್ಕ್ರೀನ್ ನಂಬಬೇಡಿ, ಹಣ ಹೋದ ಹಾಗೆ ತೋರಿಸುವ ನಕಲಿ ಆ್ಯಪ್‌ಗಳಿವೆ. ಸೌಂಡ್ ಬಾಕ್ಸ್ ಕೂಗಬೇಕು, ಇಲ್ಲ ನಿಮ್ಮ ಫೋನಿಗೆ ಬಂದಿರಬೇಕು. ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ನೀವೇ ಒಂದು ರೂಪಾಯಿ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತೆ ನೋಡಿ. ಹೊರಗೆ ಅಂಟಿಸಿದ ಸ್ಟಿಕರ್ ಮೇಲೆ ಇನ್ನೊಂದು ಅಂಟಿಸಿ ಹೋಗುವವರಿದ್ದಾರೆ.

ಮಾಸ್ಟರ್ ಮುಟ್ಟುವ ಮುಂಚೆ

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, ಆ ವಾರ ನನ್ನ ಫೋನ್ ಬಿಸಿಯಾಗಿತ್ತು. ಸಿಮೆಂಟ್ 28ರಿಂದ 18ಕ್ಕೆ ಇಳಿಯಿತು. ಹುಡುಗರು ಏನು ಮಾಡ್ತಾರೆ? ಮಾಸ್ಟರ್‌ನಲ್ಲಿ, ಅಂದ್ರೆ ಐಟಂ, ದರ ಎಲ್ಲ ಇರುವ ಮೂಲ ಪಟ್ಟಿಯಲ್ಲಿ, ಐಟಂ ತೆರೆದು 28 ಅಳಿಸಿ 18 ಹೊಡೀತಾರೆ. ಮುಗೀತು ಅಂದುಕೊಳ್ತಾರೆ. ಕೆಲವು ಅಗ್ಗದ ಸಾಫ್ಟ್‌ವೇರ್‌ಗಳಲ್ಲಿ ಹೀಗೆ ಮಾಡಿದರೆ, ಆಗಸ್ಟ್‌ನ ಹಳೆ ಬಿಲ್ ಮತ್ತೆ ಪ್ರಿಂಟ್ ತೆಗೆದಾಗ ಅದೂ 18 ಅಂತಲೇ ಬರುತ್ತೆ. ರಿಟರ್ನ್‌ನಲ್ಲಿ ಒಂದು ಲೆಕ್ಕ, ಬಿಲ್‌ನಲ್ಲಿ ಇನ್ನೊಂದು. ಆಗಸ್ಟ್‌ನಲ್ಲಿ ಕೊಂಡ ಮಾಲು ಗಿರಾಕಿ ವಾಪಸ್ ತಂದರೆ ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿಗೆ ಕೊಡುವ ಚೀಟಿ) ಹಳೆ ದರದಲ್ಲೇ ಆಗಬೇಕು, ಆದರೆ ಸಾಫ್ಟ್‌ವೇರ್ ಹಳೇದನ್ನು ಮರೆತೇಬಿಟ್ಟಿರುತ್ತೆ.

ಸರಿಯಾದ ದಾರಿ: ಹಳೆ ದರ ಹಾಗೇ ಬಿಟ್ಟು, 'ಯಾವ ದಿನದಿಂದ' ಅಂತ ಹೊಸ ಸಾಲು ಸೇರಿಸುವುದು. ಟ್ಯಾಲಿಪ್ರೈಮ್‌ನಲ್ಲಿ ಇದಕ್ಕೆ ಜಾಗ ಇದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ 'ಸಿಮೆಂಟ್ ಹೊಸ ದರ' ಅಂತ ಬೇರೆ ಐಟಂ ಮಾಡಿ, ಸ್ಟಾಕ್ ಅದಕ್ಕೆ ವರ್ಗಾಯಿಸಿ. ನೋಡೋಕೆ ಚೆನ್ನಾಗಿರಲ್ಲ, ಆದರೆ ಲೆಕ್ಕ ಕೆಡಲ್ಲ. ದರ ಇನ್ನೂ ಬದಲಾಗುತ್ತವೆ, ಹುಡುಗನಿಗೆ ಇದನ್ನು ಕಲಿಸಿಡಿ.

ಮಾಸ್ಟರ್ ಮುಟ್ಟುವ ಮುಂಚೆ ಬ್ಯಾಕಪ್. ಅದೂ ಎರಡು ಕಡೆ. ಒಂದು ಕ್ಲೌಡ್‌ನಲ್ಲಿ, ಇನ್ನೊಂದು ಪೆನ್ ಡ್ರೈವ್‌ನಲ್ಲಿ. ಪೆನ್ ಡ್ರೈವ್ ಕಂಪ್ಯೂಟರಿಗೇ ಸಿಕ್ಕಿಸಿ ಇಡಬೇಡಿ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ ಸಿಕ್ಕಿಸಿದ್ದನ್ನೂ ಬಿಡಲ್ಲ. ತಿಂಗಳಿಗೊಮ್ಮೆ ಆ ಬ್ಯಾಕಪ್ ಅನ್ನು ಬೇರೆ ಫೋಲ್ಡರ್‌ನಲ್ಲಿ ರಿಸ್ಟೋರ್ ಮಾಡಿ, ನಿನ್ನೆಯ ಬಿಲ್ ಕಾಣುತ್ತಾ ನೋಡಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಗ್ಗೆ ನನ್ನ ಹತ್ತಿರ ವಾದ ಮಾಡಬೇಡಿ. ಅಂಥ ವೈರಸ್ ಅಂಗಡಿಗೆ ಬರುವ ದಾರಿಗಳಲ್ಲಿ ಅದೂ ಒಂದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲು ಅಪ್‌ಡೇಟ್ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಕೌಂಟರಿನಲ್ಲಿರುವ ಎಷ್ಟೋ ಹಳೆ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹತ್ತಲ್ಲ. ತಕ್ಷಣ ಎಲ್ಲ ಬದಲಾಯಿಸಿ ಅಂತ ನಾನು ಹೇಳಲ್ಲ. ಹಳೆಯದರಲ್ಲಿ ಬರೀ ಬಿಲ್ ಮಾಡಿ, ನೆಟ್ ತೆಗೆದಿಡಿ. ಬ್ಯಾಂಕು, ಜಿಎಸ್‌ಟಿ ಕೆಲಸಕ್ಕೆ ಒಂದು ಹೊಸದು ತಗೊಳ್ಳಿ, ಎಸ್‌ಎಸ್‌ಡಿ ಇರುವುದನ್ನೇ.

ವರ್ಕ್‌ಶಾಪ್‌ನವರಿಗೆ

ದೊಡ್ಡ ಕಂಪನಿಗಳಿಗೆ ಜಾಬ್‌ವರ್ಕ್ ಮಾಡುವವರ ಗೋಳು ಬೇರೆ: ದುಡ್ಡು ಬರಲ್ಲ. ಉದ್ಯಮ್ ನೋಂದಣಿ ಮಾಡಿಸಿ. ಅದಕ್ಕೆ ಒಂದು ರೂಪಾಯಿಯೂ ಇಲ್ಲ. ಫೀಸ್ ಕೇಳುವ ವೆಬ್‌ಸೈಟ್‌ಗಳು ಸರ್ಕಾರದ್ದಲ್ಲ, ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ನೋಡಿ. ಆ ನಂಬರನ್ನು ಪ್ರತಿ ಬಿಲ್‌ನಲ್ಲೂ ಅಚ್ಚು ಹಾಕಿಸಿ. ಕೊಳ್ಳುವವರು ನಿಮಗೆ ದುಡ್ಡು ಕೊಡೋದು, ಒಪ್ಪಂದ ಇದ್ದರೂ 45 ದಿನ ಮೀರಬಾರದು, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿ ಮುಂದಿನ ವರ್ಷಕ್ಕೆ ತಳ್ಳಿದರೆ ಕೊಳ್ಳುವವರಿಗೆ ಬಿಲ್ ಆದ ವರ್ಷದ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸಿಕೊಳ್ಳೋಕೆ ಆಗಲ್ಲ. ಹಾಗಾಗಿ ಮಾರ್ಚ್ ಹತ್ತಿರ ಬಂದಾಗ ಅವರ ಅಕೌಂಟ್ಸ್ ವಿಭಾಗಕ್ಕೆ ಒಂದು ಮರ್ಯಾದೆಯ ಇಮೇಲ್ ಹಾಕಿ ನೋಡಿ. ಫೋನಿಗಿಂತ ಕೆಲಸ ಮಾಡುತ್ತೆ.

ಮಾರೋಕೆ ಬಂದವರನ್ನು ಕೇಳಿ

ಎಐ ಬೇಡ ಅನ್ನಲ್ಲ. ಕನ್ನಡದಲ್ಲಿ ಹೇಳಿ ಇಂಗ್ಲಿಷ್ ಪತ್ರ ಬರೆಸಿಕೊಳ್ಳೋಕೆ, ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ಗೆ ಸೀರೆಯ ನಾಲ್ಕು ಸಾಲು ವಿವರ ಮಾಡಿಸೋಕೆ ಚೆನ್ನಾಗಿದೆ. ಚೌಕಿಪೇಟೆಯ ಒಬ್ಬ ಜವಳಿ ಅಂಗಡಿಯವರು ಸೂರತ್‌ಗೆ ಬರೆಯುವುದೆಲ್ಲ ಈಗ ಹಾಗೇ. ಆದರೆ ದರ, ತೆರಿಗೆ ಶೇಕಡಾ ಅದನ್ನು ಕೇಳಬೇಡಿ. ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತೆ.

ಮಾರಾಟಗಾರರು ಲ್ಯಾಪ್‌ಟಾಪ್ ತೆರೆದು ಬಣ್ಣದ ಗ್ರಾಫ್ ತೋರಿಸುವ ಮುಂಚೆ ಇಷ್ಟು ಕೇಳಿ. ನೆಟ್ ಹೋದಾಗ ಬಿಲ್ ಆಗುತ್ತಾ? ಎರಡನೇ ವರ್ಷದ ಬಾಡಿಗೆ ಎಷ್ಟು? ನಾನು ಬಿಟ್ಟರೆ ನನ್ನ ಪಾರ್ಟಿ (ಗಿರಾಕಿ, ಮಾಲು ಕೊಡುವವರು), ಸ್ಟಾಕ್, ಬಿಲ್ ಎಲ್ಲ ಎಕ್ಸೆಲ್‌ನಲ್ಲಿ ಸಿಗುತ್ತಾ, ಈಗಲೇ ತೆಗೆದು ತೋರಿಸ್ತೀರಾ? ಅಡ್ಮಿನ್ ಲಾಗಿನ್ ಯಾರ ನಂಬರಿನಲ್ಲಿ? ಕೊನೆಯದಕ್ಕೆ "ನಮ್ಮದರಲ್ಲೇ ಇರಲಿ ಸರ್, ನಿಮಗೆ ಸುಮ್ನೆ ತಲೆನೋವು ಯಾಕೆ" ಅಂದರೆ ಚಹಾ ಕುಡಿಸಿ ಕಳಿಸಿ.

ವಾಟ್ಸಾಪ್‌ಗೆ ಟೂ-ಸ್ಟೆಪ್ ಪಿನ್ ಹಾಕಿಡಿ. ಲಗ್ನಪತ್ರಿಕೆ, ಟ್ರಾಫಿಕ್ ದಂಡ ಅಂತ ಬರುವ ಎಪಿಕೆ ಫೈಲ್ (ತೆರೆದರೆ ಫೋನಿಗೆ ಆ್ಯಪ್ ಹಾಕುವಂಥದ್ದು) ಅಂಗಡಿ ಫೋನಿನಲ್ಲಿ ಯಾರೂ ತೆರೆಯಬಾರದು. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಮನೆಗೆ ಹೋಗಿ ನಾಳೆ ನೋಡೋಣ ಅಂದರೆ ಅಷ್ಟರಲ್ಲಿ ಆ ಹಣ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗಿರುತ್ತೆ. ಆ ನಂಬರನ್ನು ಕ್ಯಾಶ್ ಡ್ರಾಯರ್ ಒಳಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ, ಹುಡುಗರಿಗೂ ಕಾಣುವ ಹಾಗೆ.