ಹಳೆಯ ಐಪಿ ವಿಳಾಸವನ್ನು ಬಿಡದ ಡಿಎನ್‌ಎಸ್ ಕ್ಯಾಶ್: ನನ್ನ ಅನುಭವ

ಬಸವನಗುಡಿಯ ಪರಿಚಿತರೊಬ್ಬರ ಜಾಲತಾಣವನ್ನು ಹೊಸ ಸರ್ವರ್‌ಗೆ ಸ್ಥಳಾಂತರಿಸಿದ ಮೇಲೆ, ಮೊಬೈಲ್ ಡೇಟಾದಲ್ಲಿ ಅದರ ಹೊಸ ಪುಟ ತೆರೆಯುತ್ತಿದ್ದರೂ ಮನೆಯ ಉಬುಂಟು ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ಪುಟವೇ ಬರುತ್ತಿತ್ತು.

ಜಾಲತಾಣದ ಹೆಸರಿಗೆ ತಕ್ಕ ಐಪಿ ವಿಳಾಸವನ್ನು, ಅಂದರೆ ಸರ್ವರ್‌ನ ಅಂಕಿ ವಿಳಾಸವನ್ನು, ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಉಬುಂಟುವಿನಲ್ಲಿ ಹೀಗೆ ಹೆಸರು ಹುಡುಕುವ ಕೆಲಸವನ್ನು ಕಂಪ್ಯೂಟರಿನೊಳಗೇ 127.0.0.53 ವಿಳಾಸದಲ್ಲಿ ಕುಳಿತಿರುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂಬ ಸೇವೆ ನೋಡಿಕೊಳ್ಳುತ್ತದೆ, ದೊರೆತ ಉತ್ತರಗಳನ್ನು ತನ್ನ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಇಟ್ಟುಕೊಳ್ಳುತ್ತದೆ. ಹಾಗಾಗಿ ದೋಷ ಅಲ್ಲಿಯೇ ಇದೆಯೆಂದು ಭಾವಿಸಿ, ಆ ಕ್ಯಾಶ್ ಖಾಲಿ ಮಾಡುವ 'ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್' ಆದೇಶ ಕೊಟ್ಟೆ. ಅಂಕಿಅಂಶದಲ್ಲಿ ಕ್ಯಾಶ್ ಗಾತ್ರ ಸೊನ್ನೆಗೆ ಇಳಿಯಿತು. ಆದರೂ ಬಂದದ್ದು ಹಳೆಯ ವಿಳಾಸವೇ.

ಖಾಲಿಯಾದ ಕ್ಯಾಶ್ ಹಳೆಯ ಉತ್ತರ ಕೊಡಲಾರದು, ಅದು ಬೇರೆಲ್ಲಿಂದಲೋ ಬರುತ್ತಿರಬೇಕು ಎಂದು, ಡಿಎನ್‌ಎಸ್ ಸರ್ವರ್‌ಗಳನ್ನು ನೇರವಾಗಿ ಪ್ರಶ್ನಿಸುವ 'ಡಿಗ್' ಆದೇಶದ ಮೂಲಕ ಒಂದೊಂದೇ ಕಡೆ ಕೇಳಿದೆ. ಸಾರ್ವಜನಿಕ ಡಿಎನ್‌ಎಸ್ ಆದ 1.1.1.1 ಹೊಸ ವಿಳಾಸ ಹೇಳಿತು. ಮನೆಯ ರೂಟರ್ 192.168.1.1 ಹಳೆಯದನ್ನೇ ಹೇಳಿತು, ಮತ್ತು ಅದರ ಟಿಟಿಎಲ್ (ಉತ್ತರವನ್ನು ಇನ್ನೆಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಎಂಬ ಎಣಿಕೆ) 70,412 ಎಂದಿತ್ತು. ಹತ್ತು ಸೆಕೆಂಡು ಬಿಟ್ಟು ಕೇಳಿದಾಗ 70,402. ಹೀಗೆ ಇಳಿಯುವ ಎಣಿಕೆಯೇ ಕ್ಯಾಶ್‌ನ ಗುರುತು. ಮೂಲ ದಾಖಲೆಯ ಟಿಟಿಎಲ್ 86,400 ಸೆಕೆಂಡು, ಅಂದರೆ ಪೂರ್ತಿ ಒಂದು ದಿನ ಇದ್ದುದರಿಂದ ರೂಟರ್ ನಿಯಮದಂತೆಯೇ ನಡೆದುಕೊಂಡಿತ್ತು.

ರೂಟರ್‌ನ ಕ್ಯಾಶ್ ಖಾಲಿಯಾಗಲೆಂದು ಅದನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಇಷ್ಟರಲ್ಲಿ ಕಂಪ್ಯೂಟರ್ ಮತ್ತೆ ಹಳೆಯ ಉತ್ತರವನ್ನು ತುಂಬಿಕೊಂಡಿದ್ದರಿಂದ ಅದರ ಕ್ಯಾಶನ್ನೂ ಇನ್ನೊಮ್ಮೆ ಖಾಲಿ ಮಾಡಬೇಕಾಯಿತು. ಈ ಕ್ರಮ ಮುಖ್ಯ, ಮೊದಲು ರೂಟರ್, ಆಮೇಲೆ ಕಂಪ್ಯೂಟರ್. ಹೊಸ ಪುಟ ತಕ್ಷಣ ತೆರೆಯಿತು. ಈಗ ಸರ್ವರ್ ಬದಲಿಸುವ ಎರಡು ದಿನ ಮೊದಲೇ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸುತ್ತೇನೆ.