ಮೂರು ಸಲ ಉಳಿಸಿಕೊಂಡ ಫರ್ನೇಸ್, ನಾಲ್ಕನೇ ಸಲ ಕೈಬಿಟ್ಟೆ

ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ನಮ್ಮ ಗ್ಯಾಸ್ ಫರ್ನೇಸ್‌ಗೆ 19 ವರ್ಷ ಆಗಿತ್ತು. ಇಂಥ ಯಂತ್ರಗಳು ಸಾಮಾನ್ಯವಾಗಿ 15ರಿಂದ 20 ವರ್ಷ ಬಾಳುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೇ ಅದು ಕೆಮ್ಮಿದಾಗಲೆಲ್ಲ ನನಗೆ ಎದೆ ಡವಡವ. ರಿಪೇರಿಗೆ ಬಂದವರೊಬ್ಬರಂತೂ ಮುಚ್ಚಳ ತೆಗೆಯುವ ಮೊದಲೇ 'ಹಳೇದಾಯ್ತು ಸಾರ್, ಬದಲಾಯಿಸಿಬಿಡಿ' ಅಂದಿದ್ದರು. ವಯಸ್ಸು ನೋಡಿ ತೀರ್ಪು ಕೊಡುವುದಾದರೆ ಒಳಗೆ ನೋಡೋಕೆ ಬರೋದಾದರೂ ಯಾಕೆ, ಅಲ್ವಾ?

ಮೊದಲ ಸಲ ಕೆಟ್ಟಾಗ ಅದು ಹೊತ್ತಿಕೊಳ್ಳುತ್ತಿತ್ತು, ಐದಾರು ಸೆಕೆಂಡಲ್ಲಿ ಆರಿಹೋಗುತ್ತಿತ್ತು. ಮತ್ತೆ ಹೊತ್ತುವುದು, ಮತ್ತೆ ಆರುವುದು. ಕೊನೆಗೆ ಪೂರ್ತಿ ಸುಮ್ಮನಾಗುತ್ತಿತ್ತು. ತಪ್ಪು ಇದ್ದದ್ದು ಫ್ಲೇಮ್ ಸೆನ್ಸರ್‌ನಲ್ಲಿ. ಅದು ಜ್ವಾಲೆಯೊಳಗೆ ನಿಲ್ಲುವ ತೆಳ್ಳನೆಯ ಕಡ್ಡಿ. ಬೆಂಕಿ ಇದ್ದರೆ ಅದರ ಮೂಲಕ ತೀರಾ ಸಣ್ಣ ಕರೆಂಟ್ ಹರಿಯುತ್ತದೆ. ಕಡ್ಡಿಯ ಮೇಲೆ ಪದರ ಕಟ್ಟಿಕೊಂಡರೆ ಆ ಕರೆಂಟ್ ಹರಿಯುವುದಿಲ್ಲ. ಬೆಂಕಿ ಇಲ್ಲ ಅಂದುಕೊಂಡು ಕಂಟ್ರೋಲ್ ಬೋರ್ಡ್ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಕರೆಂಟ್ ಮತ್ತು ಗ್ಯಾಸ್ ಎರಡನ್ನೂ ಆಫ್ ಮಾಡಿ, ತಣ್ಣಗಾದ ಮೇಲೆ ಒಂದು ಸ್ಕ್ರೂ ಬಿಚ್ಚಿ, ಕಡ್ಡಿಯನ್ನು ನಯವಾಗಿ ಉಜ್ಜಿದೆ. ಹತ್ತು ನಿಮಿಷದ ಕೆಲಸ.

ಎರಡನೇ ಸಲ ಫಿಲ್ಟರ್. ಧೂಳು ತುಂಬಿ ಗಾಳಿ ಆಡದೆ ಒಳಗೆ ಕಾವು ಏರಿ, ಲಿಮಿಟ್ ಸ್ವಿಚ್ ಬೆಂಕಿಯನ್ನು ಆಗಾಗ ಆರಿಸುತ್ತಿತ್ತು. ಇದನ್ನು ಬರೆಯೋಕೂ ನಾಚಿಕೆ. ಮೂರನೇ ಸಲ ಗ್ಯಾಸ್ ಹೊತ್ತಿಸುವ ಇಗ್ನೈಟರ್ ಸುಟ್ಟಿತ್ತು, ಹೊಸದು ಹಾಕಿದೆ. ಅದರ ಬಿಸಿಯಾಗುವ ಭಾಗವನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನೋದು ಗೊತ್ತಿರಲಿ.

ನಡುವೆ ಒಂದು ತಿಂಗಳು ಬಿಲ್ ಏಕಾಏಕಿ ಜಾಸ್ತಿ ಬಂತು. ಫರ್ನೇಸ್ ಸುಸ್ತಾಗಿದೆ ಅಂತ ಮನೆಯಲ್ಲಿ ಮಾತು. ನಾನು ದುಡ್ಡು ಬಿಟ್ಟು ಗ್ಯಾಸ್ ಎಷ್ಟು ಉರಿದಿದೆ ಅಂತ ನೋಡಿದೆ, ಅದನ್ನು ಚಳಿಯ ಲೆಕ್ಕದಿಂದ ಭಾಗಿಸಿದೆ. ಲೆಕ್ಕ ಸುಲಭ. 18 ಡಿಗ್ರಿಯಿಂದ ಆ ದಿನದ ಸರಾಸರಿ ಉಷ್ಣತೆಯನ್ನು ಕಳೆಯಬೇಕು. ಸರಾಸರಿ 3 ಡಿಗ್ರಿ ಇದ್ದರೆ ಆ ದಿನಕ್ಕೆ 15. ತಿಂಗಳಿನ ದಿನಗಳನ್ನೆಲ್ಲ ಹೀಗೆ ಕೂಡಿಸಿ ಹಿಂದಿನ ವರ್ಷಕ್ಕೆ ಹೋಲಿಸಿದರೆ ಫರ್ನೇಸ್ ಮೊದಲಿನಷ್ಟೇ ಚೆನ್ನಾಗಿತ್ತು. ಚಳಿ ಜಾಸ್ತಿ ಇತ್ತು, ಅಷ್ಟೆ.

ನಾಲ್ಕನೇ ಸಲ ಏನೂ ಕೆಟ್ಟಿರಲಿಲ್ಲ. ಮನೆ ಬೆಚ್ಚಗೇ ಇತ್ತು. ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ನೋಡುವ ಹಾಗೆ, ಇಣುಕು ಕಿಂಡಿಯಲ್ಲಿ ಬರ್ನರ್ ನೋಡುತ್ತಾ ಕೂತಿದ್ದೆ. ಜ್ವಾಲೆ ನೀಲಿಯಾಗಿ, ನೆಟ್ಟಗೆ ಉರಿಯುತ್ತಿತ್ತು. ಅರ್ಧ ನಿಮಿಷದ ನಂತರ, ಬಿಸಿಗಾಳಿಯನ್ನು ಮನೆಗೆ ತಳ್ಳುವ ದೊಡ್ಡ ಫ್ಯಾನ್ ತಿರುಗಲು ಶುರುವಾಯಿತು. ಅದೇ ಕ್ಷಣಕ್ಕೆ ಒಂದು ಜ್ವಾಲೆ ಹಳದಿಯಾಗಿ, ಗಾಳಿಗೆ ಸಿಕ್ಕಿದ ದೀಪದಂತೆ ಹೊಯ್ದಾಡಿತು.

ಆ ಫ್ಯಾನಿನ ಗಾಳಿಗೂ ಬೆಂಕಿಗೂ ನಂಟೇ ಇರಬಾರದು. ಎರಡರ ನಡುವೆ ಹೀಟ್ ಎಕ್ಸ್‌ಚೇಂಜರ್ ಅನ್ನುವ ಲೋಹದ ಗೋಡೆ ಇದೆ. ಒಳಗೆ ಹೊಗೆ, ಹೊರಗೆ ನಾವು ಉಸಿರಾಡುವ ಗಾಳಿ. ಜ್ವಾಲೆ ಅಲುಗಿತು ಅಂದರೆ ಗೋಡೆಯಲ್ಲಿ ಬಿರುಕಿರಬಹುದು, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಮನೆಯೊಳಗೆ ಬರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದನ್ನು ಪತ್ತೆಹಚ್ಚುವ ನಮ್ಮ ಅಲಾರಂ ಕೂಗಿರಲಿಲ್ಲ. ಬಿರುಕು ಬಿಟ್ಟ ಕೂಡಲೇ ಅದು ಕೂಗಲೇಬೇಕು ಅಂತಲೂ ಇಲ್ಲ. ತಕ್ಷಣ ಆಫ್ ಮಾಡಿದೆ. ಇಲ್ಲಿ ನನ್ನ ಕೈಚಳಕಕ್ಕೆ ಕೆಲಸ ಇಲ್ಲ. ಬೇರೊಬ್ಬ ಟೆಕ್ನಿಷಿಯನ್‌ರನ್ನು ಕರೆದೆ. ಅವರು ಸಣ್ಣ ಕ್ಯಾಮೆರಾ ಇಳಿಸಿ ಹೀಟ್ ಎಕ್ಸ್‌ಚೇಂಜರ್‌ನ ಕೊಳವೆ ಬಾಗುವ ಜಾಗದಲ್ಲಿ ಬೆರಳುದ್ದದ ಸೀಳು ತೋರಿಸಿದರು. ಆ ಭಾಗವೊಂದನ್ನೇ ಬದಲಿಸಬಹುದಿತ್ತು. ಆದರೆ ಅದಕ್ಕೆ ಇಡೀ ಯಂತ್ರ ಬಿಚ್ಚಬೇಕು, ಮಿಕ್ಕಿದ್ದೆಲ್ಲ 19 ವರ್ಷದ್ದೇ. ವಯಸ್ಸು ಲೆಕ್ಕಕ್ಕೆ ಬಂದದ್ದು ಇಲ್ಲಿ.

ಉಳಿತಾಯದ ಆಸೆಗೆ ಮಾತ್ರ ನಾನು ಬದಲಿಸುತ್ತಿರಲಿಲ್ಲ. ಹಳೇದರ ದಕ್ಷತೆ 80%, ಹೊಸದರದ್ದು 95%. ಅಂದರೆ ಅದೇ ಬಿಸಿಗೆ ಸುಮಾರು 16% ಕಡಿಮೆ ಗ್ಯಾಸ್. ಬರ್ನರ್ ಹೊತ್ತಿಸಲು ಪೈಲಟ್ ಅನ್ನುವ ಸಣ್ಣ ಜ್ವಾಲೆ ಸದಾ ಉರಿಯುವ, 60% ಆಸುಪಾಸಿನ ಇನ್ನೂ ಹಳೆಯ ಯಂತ್ರ ಇದ್ದವರ ಲೆಕ್ಕ ಬೇರೆ.

ಸೈಜ್ ವಿಷಯಕ್ಕೆ ಜಗಳವೇ ಆಯಿತು. ಹೊಸದು ಹಾಕಲು ನಾನು ಮೊದಲು ವಿಚಾರಿಸಿದವರು 'ಮೊದಲಿನಷ್ಟೇ ದೊಡ್ಡದು ಹಾಕೋಣ' ಅಂದರು. ಹಳೇದು ಗಂಟೆಗೆ 1,00,000 ಬಿಟಿಯು (ಶಾಖದ ಅಳತೆ) ಗ್ಯಾಸ್ ಉರಿಸಿ 80,000 ಮನೆಗೆ ಕೊಡುತ್ತಿತ್ತು. ಹಿಂದಿನ ಚಳಿಗಾಲದಲ್ಲಿ, ತೀರಾ ಚಳಿಯಿದ್ದ ರಾತ್ರಿ, ನಾನು ಗಡಿಯಾರ ಹಿಡಿದು ಕೂತಿದ್ದೆ. ಗಂಟೆಯಲ್ಲಿ ಒಟ್ಟು 30 ನಿಮಿಷ ಮಾತ್ರ ಅದು ಓಡಿತ್ತು. ಮನೆಗೆ ಬೇಕಾದದ್ದು ಸುಮಾರು 40,000 ಅಷ್ಟೇ! ಕಿಟಕಿ, ಗೋಡೆ, ಅಟ್ಟ ಅಳೆದು ಲೆಕ್ಕ ಹಾಕಿದ ಇನ್ನೊಬ್ಬರೂ ಹೆಚ್ಚುಕಮ್ಮಿ ಅಲ್ಲಿಗೇ ಬಂದರು. 60,000 ಬಿಟಿಯು ಉರಿಸುವ ಯಂತ್ರ ಹಾಕಿಸಿದೆವು. ಅದು 57,000 ಕೊಡುತ್ತದೆ, ಧಾರಾಳವಾಯಿತು.

ನಾನು ಯೋಚಿಸಿರದ ಒಂದು ಖರ್ಚು ಚಿಮಣಿಯದ್ದು. ಹೊಸ ಯಂತ್ರದ ಹೊಗೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯಾಚೆ ಹೋಗುತ್ತದೆ. ಹಾಗಾಗಿ ಹಳೆಯ ಚಿಮಣಿಯಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರ್ ಒಂದೇ ಉಳಿಯಿತು. ಅಷ್ಟು ಅಗಲದ ಚಿಮಣಿಯಲ್ಲಿ ಅದರೊಂದರ ಹೊಗೆ ಸರಿಯಾಗಿ ಮೇಲೇರುವುದಿಲ್ಲ. ಒಳಗೆ ಸಣ್ಣ ಲೈನರ್ ಕೊಳವೆ ಇಳಿಸಬೇಕಾಯಿತು. ಬದಲಿಸುವವರು ಇದನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ.

ಹೊಸದು ಬಂದ ಮೊದಲ ಚಳಿಯ ರಾತ್ರಿ ಹೆಂಡತಿ ಎದ್ದು ಕೂತು ಕೇಳಿದಳು, 'ಇದೇನ್ರೀ, ನಿಲ್ಲೋದೇ ಇಲ್ವಾ? ಇದೂ ಕೆಟ್ಟಿತಾ?' ಹಳೇದು ಹತ್ತು ನಿಮಿಷ ಭರ್ರೆಂದು ಕೂಗಿ ಸುಮ್ಮನಾಗುತ್ತಿತ್ತು. ಸರಿಯಾದ ಸೈಜಿನದು ಮೆಲ್ಲಗೆ, ತುಂಬಾ ಹೊತ್ತು ಓಡುತ್ತದೆ ಅಂತ ವಿವರಿಸಲು ಶುರುಮಾಡಿದೆ. ಅಷ್ಟರಲ್ಲಿ ಅವಳು ಹೊದಿಕೆ ಪಕ್ಕಕ್ಕೆ ತಳ್ಳಿ ಮಲಗಿಯಾಗಿತ್ತು.